ಪಕ್ಕದ ಪಾಳು ಮನೆ, ನಮ್ಮೂರ ಪುರಸಭೆ: ಎಂಟು ತಿಂಗಳ ಅನುಭವ, ಐದಕ್ಕೆ ಮೂರು ಸ್ಟಾರ್

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ನಮ್ಮ ಮಾವನವರ ಕಾಲದಲ್ಲಿ ಯುಗಾದಿ ಬಂತು ಅಂದರೆ ಎರಡೂ ಮನೆಯವರು ಒಂದೇ ದಿನ ಸುಣ್ಣ ಹೊಡೆಸುತ್ತಿದ್ದರಂತೆ. ಆ ಕಡೆ ಈಗ ಯಾರೂ ಇಲ್ಲ. ಹದಿನೇಳು ವರ್ಷದಿಂದ ಬೀಗ ಹಾಕಿದೆ. ಈ ಕಡೆ ಅದೇ ಗೋಡೆಗೆ ಒತ್ತಿಕೊಂಡು ನಮ್ಮ ಅತ್ತೆಯವರ ಮಂಚ ಇದೆ. ಅವರಿಗೆ 81 ವರ್ಷ. ಆ ಕೋಣೆ ಬಿಟ್ಟು ಬೇರೆ ಕಡೆ ಅವರಿಗೆ ನಿದ್ದೆ ಬರುವುದಿಲ್ಲ.

ಅದು ಒಳ್ಳೆಯ ತೊಟ್ಟಿ ಮನೆ. ಮುಂದೆ ಜಗಲಿ, ಒಳಗೆ ನಾಲ್ಕು ಕಂಬದ ತೊಟ್ಟಿ, ಮೇಲೆ ನಾಡಹೆಂಚು, ಹಿತ್ತಲಲ್ಲಿ ಬಾವಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಂಜೆ ಹೂ ಕಟ್ಟೋಕೆ ಆ ಜಗಲಿಗೇ ಹೋಗುತ್ತಿದ್ದೆ. ಆಮೇಲೆ ಹಿರಿಯರು ಹೋದರು, ಮಕ್ಕಳು ಊರು ಬಿಟ್ಟರು, ಪಾಲಿನ ವ್ಯಾಜ್ಯ ಕೋರ್ಟಿಗೆ ಹೋಯಿತು. ಮೊದಲು ನಾಲ್ಕು ಹೆಂಚು ಜಾರಿದವು. ಹೆಂಚು ಜಾರಿದ ಕಡೆ ಮಳೆ ನೀರು ಜಂತಿಗೆ ಇಳಿಯಿತು. ಜಂತಿ ಕೊಳೆತು ಮಾಡು ಕುಸಿಯಿತು. ಮಾಡು ಹೋದ ಮೇಲೆ ನೀರು ನೇರವಾಗಿ ಗೋಡೆಯ ತಲೆಗೇ ಬೀಳುತ್ತದೆ ಅಲ್ವಾ. ಮಣ್ಣಿನ ಗೋಡೆಗೆ ತಲೆಯ ಮೇಲೊಂದು ಸೂರು, ಕಾಲಡಿ ಒಣ ನೆಲ ಇದ್ದರೆ ನೂರು ವರ್ಷ ಬೇಕಾದರೂ ನಿಲ್ಲುತ್ತದೆ. ಸೂರು ಹೋದರೆ ಐದು ಮಳೆಗಾಲ ಸಾಕು. 2022ರ ಅಕ್ಟೋಬರ್ ಮಳೆಗೆ ಅವರ ಹಿಂಭಾಗದ ಗೋಡೆ ಪೂರ್ತಿ ಮಲಗಿತು. 2023ರಲ್ಲಿ ಬರ ಬಂತು, ಉಳಿದ ಗೋಡೆಗಳೂ ಸುಮ್ಮನಿದ್ದವು, ನಾವೂ ಸುಮ್ಮನಿದ್ದೆವು. ಅದು ತಪ್ಪು. 2024ರ ಮೇ ತಿಂಗಳ ಮುಂಗಾರು ಪೂರ್ವ ಮಳೆಗೆ ಅತ್ತೆಯ ಕೋಣೆಯ ಮೂಲೆಯಲ್ಲಿ ಬಿರುಕು ಕಾಣಿಸಿತು. ನನ್ನ ಹೊಲಿಗೆ ಟೇಪು ಹಿಡಿದು ನೋಡಿದೆ. ಎರಡೂವರೆ ಅಡಿ ಉದ್ದ. ಬಿರುಕು ನಿಂತ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದೆ.

ಈಗ ಬರೆಯುತ್ತಿರುವುದು ಪಾಳು ಬಿದ್ದ ಮನೆಯ ವಿಷಯದಲ್ಲಿ ನಮ್ಮ ಪುರಸಭೆ ಕೊಟ್ಟ ಸೇವೆಯ ಬಗ್ಗೆ. ಹೋಟೆಲಿನ ದೋಸೆ ಬಗ್ಗೆ, ಮೊಬೈಲ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇದಕ್ಕೂ ನಾವು ವರ್ಷಾ ವರ್ಷಾ ಕಂದಾಯ ಕಟ್ಟುತ್ತೇವೆ. ಊರಿನ ಹೆಸರು, ಅಧಿಕಾರಿಗಳ ಹೆಸರು ಹಾಕುವುದಿಲ್ಲ. ಅಲ್ಲಿ ನನಗೆ ಕಷ್ಟ ಕೊಟ್ಟವರಿಗಿಂತ ಸಹಾಯ ಮಾಡಿದವರೇ ಜಾಸ್ತಿ. ಆದರೆ ಆ ಸಹಾಯ ಸಿಗೋಕೆ ಯಾವ ಬಾಗಿಲು ತಟ್ಟಬೇಕು ಅಂತ ಗೊತ್ತಾಗಲು ನನಗೆ ಎಂಟು ತಿಂಗಳು ಹಿಡಿಯಿತು. ನಿಮಗೆ ಅಷ್ಟು ಹಿಡಿಯಬಾರದು.

ಮೊದಲ ಅರ್ಜಿ ಕೊಟ್ಟದ್ದು 2024ರ ಜೂನ್ 10ರಂದು. ಮುಖ್ಯಾಧಿಕಾರಿಗಳ ಹೆಸರಿಗೆ ಕೈಯಲ್ಲೇ ಬರೆದದ್ದು, ಜೊತೆಗೆ ಆರು ಫೋಟೋ. ಟಪಾಲು ಕೌಂಟರಿನಲ್ಲಿ ತೆಗೆದುಕೊಂಡು ಪಕ್ಕಕ್ಕೆ ಇಟ್ಟರು. ನನ್ನ ಪ್ರತಿಗೆ ಸೀಲು ಹಾಕಿ ನಂಬರ್ ಕೊಡಿ ಅಂತ ಎರಡು ಸಲ ಕೇಳಬೇಕಾಯಿತು. ಆ ನಂಬರ್ ಬಿಡಬೇಡಿ. ಮುಂದೆ ಯಾವ ಮೇಜಿಗೆ ಹೋದರೂ ಮೊದಲು ಕೇಳುವುದು ಅದನ್ನೇ.

ನಾನು ಕಾನೂನು ಓದಿದವಳಲ್ಲ, ಬ್ಲೌಸ್ ಹೊಲಿಯುವವಳು. ನನ್ನ ಹತ್ತಿರ ಹೊಲಿಸುವ ವಕೀಲರೊಬ್ಬರು ಬಿಡಿಸಿ ಹೇಳಿದರು. ನಮ್ಮಂಥ ಊರುಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ದೊಡ್ಡ ನಗರಗಳಿಗೆ 1976ರ ನಗರಪಾಲಿಕೆಗಳ ಕಾಯ್ದೆ. ಬೀಳುವಂತಿರುವ ಕಟ್ಟಡ ಇದ್ದರೆ ರಿಪೇರಿ ಮಾಡಿ ಇಲ್ಲವೇ ಕೆಡವಿ ಅಂತ ಮಾಲೀಕರಿಗೆ ನೋಟಿಸ್ ಕೊಡಲು ಎರಡರಲ್ಲೂ ಅಧಿಕಾರ ಇದೆ. ಮಾಲೀಕರು ಮಾಡದಿದ್ದರೆ ಆಡಳಿತವೇ ಮಾಡಿಸಿ ಖರ್ಚನ್ನು ಅವರಿಂದ ವಸೂಲಿ ಮಾಡಬಹುದು. ಅಂದರೆ ನಾನು ಕೇಳುತ್ತಿದ್ದದ್ದು ಉಪಕಾರ ಅಲ್ಲ. ಇದು ತಿಳಿದ ಮೇಲೆ ಕೌಂಟರ್ ಮುಂದೆ ನಿಲ್ಲುವಾಗ ನನ್ನ ಬೆನ್ನು ನೆಟ್ಟಗಾಯಿತು.

ಜುಲೈ ಮೊದಲ ವಾರ ನೋಟಿಸ್ ಬಂತು. ಬಂದದ್ದು ಎಲ್ಲಿಗೆ? ಬೀಗ ಹಾಕಿದ ಆ ಬಾಗಿಲಿಗೆ. ಒಬ್ಬರು ಬಂದು ಅಂಟು ಸವರಿ ಅಂಟಿಸಿ, ಫೋಟೋ ತೆಗೆದುಕೊಂಡು ಹೋದರು. ಏಳು ದಿನದ ಗಡುವು. ಖಾತೆದಾರರ ಜಾಗದಲ್ಲಿ ಮನೆಯ ಅಜ್ಜನ ಹೆಸರು. ಅವರು ತೀರಿಹೋಗಿದ್ದು 1987ರಲ್ಲಿ, ನಾನು ಈ ಬೀದಿಗೆ ಕಾಲಿಡುವುದಕ್ಕೂ ಮುಂಚೆ. ಮೂರನೇ ದಿನದ ಮಳೆಗೆ ಕಾಗದ ಕಿತ್ತು ಬಂದು ಚರಂಡಿಯಲ್ಲಿ ಬಿದ್ದಿತ್ತು. ನಾನೇ ಎತ್ತಿ ಒಣಗಿಸಿ ಇಟ್ಟುಕೊಂಡೆ. ಗಡುವು ಮುಗಿದ ಮೇಲೆ ಏನೂ ಆಗಲಿಲ್ಲ. ಎಂಜಿನಿಯರಿಂಗ್ ವಿಭಾಗದಲ್ಲಿ ಕೇಳಿದರೆ, "ಅಮ್ಮಾ, ಮಳೆ ಮುಗೀಲಿ ಬಿಡಿ, ಆಮೇಲೆ ನೋಡೋಣ" ಅಂದರು.

ಮಳೆ ಮುಗಿಯೋವರೆಗೆ ಕಾಯುವ ಮಾತು ಕೇಳಿ ನನಗೆ ಎದೆ ಝಲ್ ಅಂದಿತು. ನನ್ನ ತವರು ಮೈಸೂರು. ಲ್ಯಾನ್ಸ್‌ಡೌನ್ ಕಟ್ಟಡದ ಸಾಲಿನಲ್ಲಿ ಅಪ್ಪ ನಮಗೆ ಹಳೇ ಪಠ್ಯಪುಸ್ತಕ ಕೊಡಿಸುತ್ತಿದ್ದರು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷ ಕಳೆದು 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಅದೂ ಆಗಸ್ಟ್‌ನಲ್ಲೇ. ಅವು ಪಾಳು ಕಟ್ಟಡಗಳಾಗಿರಲಿಲ್ಲ, ಜನ ತುಂಬಿದ ಜಾಗಗಳು. ಆದರೆ ಹಳೇ ಗಾರೆ ಗೋಡೆಗೆ ನೀರು ಮಾಡುವ ಕೆಲಸ ಎಲ್ಲ ಕಡೆ ಒಂದೇ. ಜೂನ್‌ನಿಂದ ಕುಡಿದು ಕುಡಿದು ಗೋಡೆ ಭಾರವಾಗುತ್ತದೆ, ಬುಡ ಮೆತ್ತಗಾಗುತ್ತದೆ. ಮಳೆಗಾಲ ಮುಗಿಯಲಿ ಅನ್ನುವುದು ಗೋಡೆ ಬೀಳಲಿ ಅಂದ ಹಾಗೆ.

ಇದರ ಮಧ್ಯೆ ಡೆಂಗಿ ಬಂತು. ನಿಮಗೆಲ್ಲ ನೆನಪಿರಬಹುದು, 2024ರಲ್ಲಿ ರಾಜ್ಯದ ತುಂಬ ಅದೇ ಮಾತು. ಎದುರು ಮನೆಯ ಒಂಬತ್ತು ವರ್ಷದ ಹುಡುಗಿ ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದಳು. ಮಾರನೇ ವಾರ ಲಾರ್ವಾ ನೋಡೋಕೆ ನಮ್ಮ ಆಶಾ ಕಾರ್ಯಕರ್ತೆ ಬೀದಿ ಬೀದಿ ತಿರುಗುತ್ತಿದ್ದಳು. ನಮ್ಮ ನೀರಿನ ತೊಟ್ಟಿ, ಡ್ರಮ್ಮು, ಫ್ರಿಜ್ಜಿನ ಹಿಂದಿನ ಟ್ರೇ ಎಲ್ಲ ನೋಡಿದಳು. "ಅಕ್ಕಾ, ಇಲ್ಲೇನೂ ಇಲ್ಲ. ಮತ್ತೆ ಈ ಬೀದೀಲಿ ಎಲ್ಲಿಂದ ಬರ್ತಿದೆ?" ಅಂದಳು. ನಾನು ಅವಳನ್ನು ನಮ್ಮ ಮಹಡಿ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಪಕ್ಕದ ಮನೆಯ ತೊಟ್ಟಿ ತೋರಿಸಿದೆ. ಮಾಡು ಹೋದ ಮೇಲೆ ಮೇಲಿನಿಂದ ಎಲ್ಲ ಕಾಣುತ್ತದೆ. ಒರಳುಕಲ್ಲಿನ ಗುಳಿಯಲ್ಲಿ ನೀರು. ಬಚ್ಚಲಿನ ತಾಮ್ರದ ಹಂಡೆಯನ್ನು ಯಾರೋ ಯಾವತ್ತೋ ಕದ್ದಿದ್ದರು, ಹಂಡೆ ಕೂತಿದ್ದ ಒಲೆಯ ಗುಂಡಿಯಲ್ಲೂ ನೀರು. ಒಂದು ಹಳೇ ಟೈರು.

ಅವಳು ಅಲ್ಲಿಂದಲೇ ಆರೋಗ್ಯ ನಿರೀಕ್ಷಕರಿಗೆ ಫೋನ್ ಮಾಡಿದಳು. ಅವರು ಒಂದು ಗಂಟೆಯೊಳಗೆ ಬಂದರು. ಬೀದಿಯ ಇಬ್ಬರನ್ನು ಸಾಕ್ಷಿಗೆ ಕರೆದು, ಮಹಜರು ಬರೆದು, ತುಕ್ಕು ಹಿಡಿದ ಬೀಗ ಒಡೆಸಿದರು. ಒರಳಿನಿಂದ ಒಂದು ಸೌಟು ನೀರು ಎತ್ತಿ ಬಿಳೀ ತಟ್ಟೆಗೆ ಸುರಿದರು. ನಾನು ಬಗ್ಗಿ ನೋಡಿದೆ. ದಾರದ ಚೂರಿನ ಹಾಗೆ ಸಣ್ಣ ಸಣ್ಣ ಹುಳ, ಮೈ ಕುಣಿಸುತ್ತಾ ಮೇಲೆ ಬರುವುದು, ಕೆಳಗೆ ಹೋಗುವುದು. ಎಣಿಸೋಕೆ ಆಗಲಿಲ್ಲ. ಈ ಸೊಳ್ಳೆಗೆ ಚರಂಡಿ ನೀರು ಬೇಕಾಗಿಲ್ಲ, ನಿಂತ ತಿಳಿನೀರೇ ಬೇಕು ಅಂತ ಅವರು ಹೇಳಿದರು. ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಿಬಿಡುತ್ತದಂತೆ. ಮಾರನೇ ಬೆಳಿಗ್ಗೆ ಆರೂವರೆಗೆ ನಾಲ್ಕು ಜನ ಪೌರಕಾರ್ಮಿಕರು ಬಂದರು. ಸೊಂಟದೆತ್ತರದ ಪಾರ್ಥೇನಿಯಂ ಕಿತ್ತರು, ಒರಳು ಬೋರಲು ಹಾಕಿದರು, ಟೈರು ಹೊತ್ತೊಯ್ದರು. ಕಲ್ಲಿನ ಸಂದಿಯಿಂದ ಒಂದು ಕೊಳಕುಮಂಡಲ ಹೊರಬಂತು. ಅದನ್ನು ಹಿಡಿಯುವವರು ಬರುವ ತನಕ ಅವರಲ್ಲಿ ಒಬ್ಬ ಹೆಂಗಸು ಕೋಲು ಹಿಡಿದು ದೂರದಲ್ಲಿ ಕಾವಲು ನಿಂತಳು. ಅವಳ ಕಾಲಲ್ಲಿ ಹವಾಯಿ ಚಪ್ಪಲಿ. ಇಂಥ ಜಾಗಕ್ಕೆ ಬೂಟು ಕೊಡದೆ ಕಳಿಸಬಾರದು. ಇದನ್ನು ನಾನು ಬರೆದು ಕೊಟ್ಟಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ಆರೋಗ್ಯ ವಿಭಾಗಕ್ಕೆ ಐದಕ್ಕೆ ಐದು. ಒಂದೂವರೆ ತಿಂಗಳು ತೆರೆಯದ ಬಾಗಿಲು ಅವರಿಂದ ಒಂದು ಗಂಟೆಯಲ್ಲಿ ತೆರೆಯಿತು.

ಆ ವರ್ಷ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಸೇರಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ನಿಗದಿ ಮಾಡಿತು. ನಗರ ಪ್ರದೇಶದಲ್ಲಿ ಮನೆಗೆ 400 ರೂಪಾಯಿ, ಖಾಲಿ ನಿವೇಶನಕ್ಕೆ 2,000. ನಾನು ಹೋಗಿ ಕೇಳಿದೆ, ನಮ್ಮ ಪಕ್ಕದ್ದು ಯಾವುದಕ್ಕೆ ಸೇರುತ್ತದೆ ಅಂತ. ಪುಸ್ತಕದಲ್ಲಿ ಅದು ಮನೆ. ಆದ್ದರಿಂದ 400. ಹದಿನೇಳು ವರ್ಷ ಒಲೆ ಉರಿಯದ, ಮಾಡಿಲ್ಲದ ಜಾಗವೂ ನಾವು ದಿನಾ ತೊಳೆದು ಬಳಿಯುವ ಮನೆಯೂ ಒಂದೇ ಸಾಲಿನಲ್ಲಿ! ಪಾಳು ಮನೆಗೆ ಅಂತಲೇ ಒಂದು ಸಾಲು ಬೇಕು. ಇದು ನಮ್ಮ ಪುರಸಭೆಯ ಕೈಯಲ್ಲಿಲ್ಲ, ಮೇಲಿನವರು ಮಾಡಬೇಕು.

ಬಾಗಿಲು ತೆರೆದದ್ದರಿಂದ ಇನ್ನೊಂದು ಅನುಕೂಲ ಆಯಿತು. ಕಿರಿಯ ಎಂಜಿನಿಯರ್ ಒಳಗೆ ಬಂದು ಗೋಡೆಯನ್ನು ಆ ಕಡೆಯಿಂದ ನೋಡಿದರು. ಗೋಡೆಯ ತಲೆಯಲ್ಲಿ ಅರಳಿ ಸಸಿ. ಗಿಡ ಒಂದು ಮೊಳ, ಬೇರು ಆರಡಿ. ಅವರು ನಮ್ಮ ಕೋಣೆಗೂ ಬಂದು ನನ್ನ ಪೆನ್ಸಿಲ್ ಗೆರೆ ನೋಡಿದರು. ಬಿರುಕು ಗೆರೆ ದಾಟಿ ಮುಂದೆ ಹೋಗಿತ್ತು. ಮಾರನೇ ದಿನ ಒಬ್ಬ ಗಾರೆ ಮೇಸ್ತ್ರಿಯನ್ನು ಕಳಿಸಿದರು. ಮೇಸ್ತ್ರಿ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಒಂದು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಸಿಮೆಂಟ್ ಹಸಿ ಇರುವಾಗಲೇ ಮೊಳೆಯಿಂದ ತಾರೀಖು ಗೀಚಿದ. "ಗೋಡೆ ಅಲ್ಲಾಡಿದ್ರೆ ಗಾಜು ಸೀಳುತ್ತೆ ಕಣಮ್ಮ. ಸುಮ್ನೆ ಇದ್ರೆ ಗಾಜೂ ಸುಮ್ನೆ ಇರುತ್ತೆ" ಅಂದ. ಎಷ್ಟು ಸರಳ ಉಪಾಯ! ಅಂದಿನಿಂದ ಅತ್ತೆ ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿದ ತಕ್ಷಣ ಗಾಜು ಮುಟ್ಟಿ ನೋಡುತ್ತಿದ್ದರು. ನಾನು ಅವರ ಮಂಚವನ್ನು ಎದುರು ಗೋಡೆಗೆ ಸರಿಸಿದೆ. ಒಪ್ಪಿಸೋಕೆ ಎರಡು ದಿನ ಬೇಕಾಯಿತು.

ಆದರೆ ಕೆಡವುವ ಮಾತು ಬಂದರೆ ಎಂಜಿನಿಯರ್ ಹಿಂದೆ ಸರಿಯುತ್ತಿದ್ದರು. "ಕೋರ್ಟಲ್ಲಿ ಇದೆ ಮೇಡಂ, ಮುಟ್ಟಿದ್ರೆ ನಾಳೆ ನನ್ನ ತಲೆಗೆ ಬರುತ್ತೆ." ಅವರ ಭಯ ಸುಳ್ಳಲ್ಲ. ನಾನು ವಕೀಲರ ಹತ್ತಿರ ಹೋದೆ. ಅವರು ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ತೆಗೆದು, ಕೇಸಿನ ನಂಬರ್ ಹಾಕಿ ತೋರಿಸಿದರು. ದುಡ್ಡಿಲ್ಲ, ಯಾರು ಬೇಕಾದರೂ ನೋಡಬಹುದು. ಹನ್ನೊಂದು ವರ್ಷದ ತಾರೀಖುಗಳು ಸಾಲಾಗಿ ಇದ್ದವು. ಅವರು ನಕಲು ತೆಗೆಸಿ ಆದೇಶಗಳನ್ನೆಲ್ಲ ಓದಿದರು. ತಡೆಯಾಜ್ಞೆ ಒಂದೂ ಇರಲಿಲ್ಲ. ಎಲ್ಲರೂ ಇದೆ ಇದೆ ಅಂತ ಹೇಳುತ್ತಾ ಬಂದಿದ್ದರು, ಯಾರೂ ತೆಗೆದು ನೋಡಿರಲಿಲ್ಲ. ಆ ನಕಲನ್ನು ಎರಡನೇ ಅರ್ಜಿಗೆ ಲಗತ್ತಿಸಿದೆ. ಕೋರ್ಟಿನಲ್ಲಿದೆ ಅಂತ ನಿಮಗೂ ಹೇಳಿದರೆ, ಮೊದಲು ಕೋರ್ಟು ಏನು ಹೇಳಿದೆ ಅಂತ ನೋಡಿ.

ಅಕ್ಟೋಬರ್ ಮೂರನೇ ವಾರ ಮೂರು ದಿನ ಬಿಡದೆ ಸುರಿಯಿತು. ರಾತ್ರಿ ಎರಡು ಗಂಟೆ ಇರಬಹುದು. ಅತ್ತೆ ನನ್ನನ್ನು ಎಬ್ಬಿಸಿದರು. "ಏನೋ ಟಿಕ್ ಅಂತು ನೋಡೇ." ಟಾರ್ಚ್ ಹಾಕಿದೆ. ಗಾಜು ನಡುವೆ ನೆಟ್ಟಗೆ ಸೀಳಿತ್ತು. ಆ ರಾತ್ರಿ ಎಲ್ಲರೂ ಮುಂದಿನ ಪಡಸಾಲೆಯಲ್ಲಿ ಕೂತು ಬೆಳಗು ಮಾಡಿದೆವು. ಬೆಳಿಗ್ಗೆ ಎಂಟಕ್ಕೆ ನಾನು ಪುರಸಭೆ ಬಾಗಿಲಲ್ಲಿದ್ದೆ.

ಎಂಜಿನಿಯರ್ ಅವತ್ತೇ ಬಂದು ನಮ್ಮ ಕೋಣೆಯೊಳಗೆ ಸರ್ವೆ ಮರದ ಆಸರೆ ಕೊಡಿಸಿದರು. ಆದರೆ ಮಾಲೀಕರು ಸಿಗುತ್ತಿಲ್ಲ ಅನ್ನುವುದು ಹಾಗೇ ಉಳಿಯಿತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದಲ್ಲಿ 150 ಪದದೊಳಗೆ ಒಂದೇ ವಿಷಯ ಕೇಳಬೇಕು. ನಾನು ಕೇಳಿದ್ದು ಇಷ್ಟೇ: ನೋಟಿಸನ್ನು ಯಾರಿಗೆ, ಹೇಗೆ ಮುಟ್ಟಿಸಿದ್ದೀರಿ? ಮೂವತ್ತು ದಿನದ ಗಡುವಿಗೆ ಎರಡು ದಿನ ಇರುವಾಗ ಉತ್ತರ ಬಂತು. ಖಾತೆದಾರರು ಲಭ್ಯವಿಲ್ಲದ ಕಾರಣ ಬಾಗಿಲಿಗೆ ಅಂಟಿಸಲಾಗಿದೆ.

ಆ ಕಾಗದ ಹಿಡಿದು ಪುರಸಭೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ವಾರ್ಡಿನ ಕರ ವಸೂಲಿಗಾರರು ಹಾದುಹೋಗುತ್ತಿದ್ದರು. ಇಪ್ಪತ್ತು ವರ್ಷದ ಪರಿಚಯ, ಅಣ್ಣಾ ಅಂತಲೇ ಕರೆಯುವುದು. ಏನಮ್ಮ ಅಂದರು. ಹೇಳಿದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ, "ಆ ಮನೆಗೆ ಕಂದಾಯ ಕಟ್ತಾರಲ್ಲಮ್ಮ! ಪ್ರತಿ ಏಪ್ರಿಲ್ ಕಟ್ತಾರೆ" ಅಂದರು.

ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಆ ರಿಯಾಯಿತಿ ಬಿಡದೆ, ಒಂದು ವರ್ಷವೂ ತಪ್ಪಿಸದೆ, ಯಾರೋ ಕಟ್ಟುತ್ತಿದ್ದಾರೆ. ಡಿಮ್ಯಾಂಡ್ ರಿಜಿಸ್ಟರ್‌ನಲ್ಲಿ ಅಜ್ಜನ ಹೆಸರು, ಪಕ್ಕದಲ್ಲಿ ಪೆನ್ನಿನಲ್ಲಿ ಬರೆದ ಒಂದು ಮೊಬೈಲ್ ನಂಬರ್. ತೆರಿಗೆ ವಿಭಾಗಕ್ಕೂ ಎಂಜಿನಿಯರಿಂಗ್ ವಿಭಾಗಕ್ಕೂ ನಡುವೆ ಒಂದು ನೀರಿನ ಫಿಲ್ಟರ್ ಇಟ್ಟಷ್ಟು ಜಾಗ. ಐದು ತಿಂಗಳು ನಾನು ಆ ಫಿಲ್ಟರಿನ ನೀರು ಕುಡಿದಿದ್ದೇನೆ. ಇಲ್ಲಿಯವರು ಅಲ್ಲಿಯವರನ್ನು ಒಂದು ಮಾತು ಕೇಳಿರಲಿಲ್ಲ. ನನ್ನ ಎರಡು ಸ್ಟಾರ್ ಹೋದದ್ದು ಅಲ್ಲೇ. ಅವರು ನಂಬರನ್ನು ನನಗೆ ಕೊಡಲಿಲ್ಲ. ಅದು ಸರಿ, ಕೊಡಬಾರದು. ತಾವೇ ಫೋನ್ ಮಾಡಿದರು.

ಮುಂದಿನ ಭಾನುವಾರ ಬೆಂಗಳೂರಿನಿಂದ ಬಂದವರು ಆ ಮನೆಯ ಹಿರೀ ಮಗಳು. ಅವರಿಗೇ ಈಗ ಅರವತ್ತೈದು ದಾಟಿದೆ. ಅಣ್ಣತಮ್ಮಂದಿರ ಜಗಳದಲ್ಲಿ ಮನೆ ಕೈ ತಪ್ಪಬಾರದು ಅಂತ ಕಂದಾಯ ಮಾತ್ರ ಬಿಡದೆ ಕಟ್ಟಿದ್ದಾರೆ. ಹದಿನೇಳು ವರ್ಷ ಈ ಬೀದಿಗೆ ಬಂದಿಲ್ಲ. ಬಾಗಿಲು ತೆಗೆದು ಒಳಗೆ ಹೋದವರು ತೊಟ್ಟಿಯ ಕಂಬ ಹಿಡಿದುಕೊಂಡು ನಿಂತುಬಿಟ್ಟರು. ಮಾಡು ಇರಬೇಕಾದ ಕಡೆ ಆಕಾಶ. "ನನಗೆ ಯಾರೂ ಹೇಳಲೇ ಇಲ್ಲ ಕಣೇ" ಅಂದರು. ನಾನು ಅವರಿಗೆ ಏನು ಹೇಳಲಿ? ಒಣಗಿಸಿ ಇಟ್ಟಿದ್ದ ನೋಟಿಸ್ ತಂದು ಕೈಗೆ ಕೊಟ್ಟೆ. ನಮ್ಮ ಮನೆಯಲ್ಲೇ ಊಟ ಮಾಡಿದರು. ಅತ್ತೆ ಅವರನ್ನು ಚಿಕ್ಕವಳಿದ್ದಾಗಿನ ಹೆಸರಿನಿಂದ ಕರೆದರು.

ಆಮೇಲೆ ಕೆಲಸ ಬೇಗ ಆಯಿತು. ತಮ್ಮಂದಿರ ಒಪ್ಪಿಗೆ ಅವರೇ ಬರೆಸಿಕೊಟ್ಟರು. 2025ರ ಜನವರಿಯಲ್ಲಿ ಬಿಚ್ಚಿದರು. ನಮ್ಮ ಬೀದಿಗೆ ಜೆಸಿಬಿ ಬರುವುದಿಲ್ಲ, ಅದು ಒಳ್ಳೆಯದೇ ಆಯಿತು. ಕೈಯಲ್ಲೇ ಇಳಿಸಿದ್ದರಿಂದ ನಾಡಹೆಂಚು, ಎರಡು ತೊಲೆ, ನಾಲ್ಕೂ ಕಂಬ, ಬಾಗಿಲವಾಡ ಉಳಿದವು. ಹಳೇ ಗೋಡೆ ಮಣ್ಣು ಹೊಲಕ್ಕೆ ಒಳ್ಳೇದು ಅಂತ ಪಕ್ಕದ ಹಳ್ಳಿಯ ರೈತರು ಹೊತ್ತುಕೊಂಡು ಹೋದರು, ಪುರಸಭೆ ಎರಡು ದಿನ ಟ್ರ್ಯಾಕ್ಟರ್ ಕೊಟ್ಟಿತು. ಎಂಜಿನಿಯರ್ ಒಂದು ಷರತ್ತು ಹಾಕಿದ್ದರು. ಮನೆ ಇಳಿಸಿದ ಮೇಲೆ ಜಂಟಿ ಗೋಡೆಗೆ ಆ ಕಡೆಯಿಂದ ಇಟ್ಟಿಗೆಯ ಮೂರು ಆಸರೆ ಕಟ್ಟಿ, ತಲೆಗೆ ಸಿಮೆಂಟ್ ಹೊದಿಸಿ, ಮೈಗೆ ಗಾರೆ ಮಾಡಿಕೊಡಬೇಕು. ಇಲ್ಲದಿದ್ದರೆ ನಮ್ಮ ಗೋಡೆ ಮುಂದಿನ ಮಳೆಗೆ ಬರೀ ಮೈಯಲ್ಲಿ ನಿಲ್ಲುತ್ತಿತ್ತು. ಇದನ್ನು ನಾನು ಕೇಳಿರಲಿಲ್ಲ, ನನಗೆ ಹೊಳೆದೂ ಇರಲಿಲ್ಲ. ಅವರೇ ಯೋಚನೆ ಮಾಡಿ ಬರೆಸಿದರು. ಅದಕ್ಕೆ ಅವರ ಮೇಲಿನ ನನ್ನ ಬೇಜಾರು ಅರ್ಧ ಇಳಿಯಿತು.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿದ್ದಾನೆ. ಸಂಕ್ರಾಂತಿಗೆ ಬಂದಾಗ ಈ ಕಥೆ ಕೇಳಿ ಹೇಳಿದ. ಅಲ್ಲಿ ಮನೆ ಒಂದು ವರ್ಷ ಖಾಲಿ ಬಿಟ್ಟರೆ ಸ್ಥಳೀಯ ಕೌನ್ಸಿಲ್ ತೆರಿಗೆಯನ್ನು ಎರಡರಷ್ಟು ಮಾಡಬಹುದಂತೆ, 2024ರ ಏಪ್ರಿಲ್‌ನಿಂದ ಈ ನಿಯಮ. ಹತ್ತು ವರ್ಷ ದಾಟಿದರೆ ನಾಲ್ಕರಷ್ಟರವರೆಗೆ. ನಮಗೆ ಅಷ್ಟು ಬಿಗಿ ಬೇಕೋ ಬೇಡವೋ ನಾನು ಹೇಳಲಾರೆ. ಆ ಹಿರಿಯಕ್ಕನಂಥವರು ನಾಲ್ಕರಷ್ಟು ಎಲ್ಲಿಂದ ತರುತ್ತಾರೆ? ಆದರೆ ಏಪ್ರಿಲ್‌ನಲ್ಲಿ ಅವರು ದುಡ್ಡು ಕಟ್ಟುವಾಗ ಕೌಂಟರಿನಲ್ಲಿ ಒಂದು ಮಾತು ಕೇಳಬಹುದಿತ್ತು: ಮನೆಯಲ್ಲಿ ಯಾರಿದ್ದಾರೆ, ಮಾಡು ಹೇಗಿದೆ? ರಸೀದಿಯ ಜೊತೆ ನೋಟಿಸನ್ನೂ ಕೊಟ್ಟಿದ್ದರೆ ನಾಲ್ಕು ಹೆಂಚು ಜಾರಿದ ವರ್ಷವೇ ಮುಗಿಯುತ್ತಿತ್ತು. ಮನೆಯೂ ಉಳಿಯುತ್ತಿತ್ತು.

ನಿಮ್ಮ ಪಕ್ಕದಲ್ಲೂ ಇಂಥದ್ದೊಂದು ಇದ್ದರೆ ಮೇ ತಿಂಗಳೊಳಗೆ ಅರ್ಜಿ ಕೊಡಿ. ನೀರು ನಿಂತಿದ್ದರೆ ಆರೋಗ್ಯ ವಿಭಾಗದಿಂದಲೇ ಶುರು ಮಾಡಿ. ಕಂದಾಯ ಯಾರು ಕಟ್ಟುತ್ತಿದ್ದಾರೆ, ಅವರಿಗೆ ನೋಟಿಸ್ ಮುಟ್ಟಿಸಿ ಅಂತ ಮೊದಲ ಅರ್ಜಿಯಲ್ಲೇ ಬರೆಯಿರಿ. ನಾನು ಬರೆಯದೇ ಹೋದ ಸಾಲು ಅದು.

ಮೂರು ಸ್ಟಾರ್ ಕೊಟ್ಟಿದ್ದೇನೆ. ಹಿತ್ತಲಿನ ಬಾವಿಗೆ ಇನ್ನೂ ಮುಚ್ಚಳ ಹಾಕಿಲ್ಲ. ಈಗ ಗೋಡೆಯಿಲ್ಲದ ಬಯಲು, ಸಂಜೆ ಹೊತ್ತು ಮಕ್ಕಳು ಕ್ರಿಕೆಟ್ ಆಡೋಕೆ ಅಲ್ಲಿಗೇ ಹೋಗುತ್ತಾರೆ. ಸದ್ಯಕ್ಕೆ ನಮ್ಮ ಹಳೇ ಮಂಚದ ಹಲಗೆ ಅಡ್ಡ ಇಟ್ಟು ಮೇಲೆ ಎರಡು ಕಲ್ಲು ಹೇರಿದ್ದೇವೆ. ಅರ್ಜಿ ಕೊಟ್ಟಾಗಿದೆ, ಈ ಸಲ ಮೂರೂ ವಿಭಾಗಕ್ಕೆ ಪ್ರತಿ ಹೋಗಿದೆ, ಸೀಲೂ ಬಿದ್ದಿದೆ. ಮುಚ್ಚಳ ಬಂದ ದಿನ ಇಲ್ಲೇ ಬಂದು ನಾಲ್ಕನೇ ಸ್ಟಾರ್ ಹಾಕುತ್ತೇನೆ.